ನೋಯುವ ಸೊಂಟಕ್ಕೆ ಎಷ್ಟು ಕಸರತ್ತು?

ಮಂಡಿನೋವಿನ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಸೊಂಟದ ಬಗ್ಗೆಯೇ ಇದ್ದವು. ಬರೆದವರಲ್ಲಿ ಆಟ ಆಡುವವರಿದ್ದಾರೆ, ಆಡುವ ಮಕ್ಕಳ ತಂದೆತಾಯಿಯರಿದ್ದಾರೆ, ಒಬ್ಬರು ಗರಡಿಯ ಉಸ್ತಾದರೂ ಇದ್ದಾರೆ. ಹೀಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿ, ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ನನಗೆ 26 ವರ್ಷ. ಜಿಲ್ಲಾ ಕಬಡ್ಡಿ ತಂಡದಲ್ಲಿ ಎಡ ಮೂಲೆಯ ಡಿಫೆಂಡರ್. ಹದಿನಾಲ್ಕು ತಿಂಗಳಿಂದ ಸೊಂಟದ ಕೆಳಭಾಗದಲ್ಲಿ ನೋವಿದೆ, ಕಾಲಿಗೆ ಇಳಿಯುವುದಿಲ್ಲ. ಎಂಆರ್‌ಐನಲ್ಲಿ ಕೊನೆಯ ಎರಡು ಡಿಸ್ಕ್‌ಗಳು (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು) ಸವೆದು ಉಬ್ಬಿವೆ ಎಂದು ಬಂದಿದೆ. ಎರಡು ತಿಂಗಳು ಪೂರ್ತಿ ವಿಶ್ರಾಂತಿ ತೆಗೆದುಕೊಂಡಾಗ ನೋವು ಹೋಯಿತು. ಮ್ಯಾಟಿಗೆ ಮರಳಿದ ಎರಡನೇ ವಾರಕ್ಕೆ ಮತ್ತೆ ಬಂತು. ಹೀಗಾಗುತ್ತಿರುವುದು ಇದು ಮೂರನೇ ಸಲ. ಬಗ್ಗಬೇಡ, ಭಾರ ಎತ್ತಬೇಡ, ಆಟ ಬಿಟ್ಟುಬಿಡು ಎನ್ನುತ್ತಾರೆ. ಬಗ್ಗದೆ ಕಬಡ್ಡಿ ಆಡುವುದು ಹೇಗೆ?
— ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಅರ್ಧ ಉತ್ತರವಿದೆ. ಬಗ್ಗದೆ ಕಬಡ್ಡಿ ಆಡಲು ಬರುವುದಿಲ್ಲ. ಬಗ್ಗುವುದನ್ನೇ ಬಿಡಿಸುವ ಚಿಕಿತ್ಸೆಯಿಂದ ನಿಮ್ಮ ನೋವು ಕಡಿಮೆಯಾದೀತು, ಆದರೆ ನೀವು ಆಟಗಾರರಾಗಿ ಉಳಿಯಲಾರಿರಿ.

ಮೊದಲು ಸ್ಕ್ಯಾನ್ ವರದಿಯ ಭಯವನ್ನು ಬದಿಗಿಡೋಣ. ಸೊಂಟನೋವು ಇಲ್ಲವೇ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 20ರ ವಯಸ್ಸಿನಲ್ಲೇ ಶೇ. 37 ಮಂದಿಯಲ್ಲಿ ಡಿಸ್ಕ್ ಸವೆತ, ಶೇ. 30 ಮಂದಿಯಲ್ಲಿ ಡಿಸ್ಕ್ ಉಬ್ಬು ಕಾಣುತ್ತದೆ. 80ರ ವಯಸ್ಸಿಗೆ ಸವೆತ ಶೇ. 96ಕ್ಕೆ ಏರುತ್ತದೆ. ಇವರಲ್ಲಿ ಯಾರಿಗೂ ನೋವಿರಲಿಲ್ಲ ಎಂಬುದನ್ನು ಮತ್ತೊಮ್ಮೆ ಗಮನಿಸಿ. ನಿಮ್ಮ ಡಿಸ್ಕ್‌ಗೂ ನಿಮ್ಮ ನೋವಿಗೂ ಸಂಬಂಧವೇ ಇಲ್ಲ ಎಂದು ಇದರ ಅರ್ಥವಲ್ಲ. ವರದಿಯಲ್ಲಿ ಆ ಶಬ್ದಗಳಿವೆ ಎಂಬ ಒಂದೇ ಕಾರಣಕ್ಕೆ ಆಟ ಬಿಡಬೇಕಾಗಿಲ್ಲ ಎಂದಷ್ಟೇ. ಆದರೆ ಕಾಲಿನ ಬಲ ಕುಂದುವುದು, ಗುದ ಮತ್ತು ಜನನಾಂಗದ ಸುತ್ತ ಮರಗಟ್ಟುವುದು, ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು ಎಂದಾದರೂ ಕಂಡರೆ ಅಂದೇ ಆಸ್ಪತ್ರೆಗೆ ಓಡಬೇಕು. ಅಲ್ಲಿ ಗಂಟೆಗಳ ಲೆಕ್ಕವಿರುತ್ತದೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ವ್ಯಾಯಾಮಕ್ಕಿಂತ ಮೊದಲು ವೈದ್ಯರ ಪರೀಕ್ಷೆ ಆಗಬೇಕು.

ಇನ್ನು ನೋವು ಮೂರು ಸಲ ಮರಳಿದ್ದರ ಕಾರಣ. ಎರಡು ತಿಂಗಳ ವಿಶ್ರಾಂತಿಯಲ್ಲಿ ನೋವು ಶಮನವಾಯಿತು ನಿಜ, ಆದರೆ ಅದೇ ಎರಡು ತಿಂಗಳಲ್ಲಿ ಬೆನ್ನಿನ, ಪೃಷ್ಠದ, ತೊಡೆಯ ಸ್ನಾಯುಗಳ ತಾಳಿಕೆಯೂ ಇಳಿಯಿತು. ಆಟದ ಬೇಡಿಕೆ ಮಾತ್ರ ಇಳಿಯಲಿಲ್ಲ. ಮರಳಿದ ದಿನವೇ ನೀವು ಹಿಂದಿನ ಡ್ರಿಲ್ಲುಗಳಿಗೆ, ರೈಡರನ ಕಾಲಗಿಣ್ಣು ಹಿಡಿಯುವ ಹಿಂದಿನ ಆಂಕಲ್ ಹೋಲ್ಡಿಗೆ ಇಳಿದಿದ್ದೀರಿ. ಒಣಗಿದ ಕೆರೆಗೆ ಒಂದೇ ರಾತ್ರಿ ನೀರು ತುಂಬಿದರೆ ಏರಿ ಒಡೆಯುವ ಹಾಗೆ, ಎರಡನೇ ವಾರಕ್ಕೆ ಸೊಂಟ ಕೈಕೊಟ್ಟಿತು. ಆದ್ದರಿಂದ ವಿಶ್ರಾಂತಿಗೂ ಪೂರ್ಣ ಆಟಕ್ಕೂ ನಡುವೆ ನೀವು ಹಾರಿಬಿಟ್ಟ ಮೆಟ್ಟಿಲುಗಳನ್ನು ಕಟ್ಟುವುದೇ ಈಗಿನ ಕೆಲಸ.

ಮೂರು ತಿಂಗಳು ಮೀರಿದ ಸೊಂಟನೋವನ್ನು ದೀರ್ಘಕಾಲದ್ದು ಎನ್ನುತ್ತೇವೆ. ಅದಕ್ಕೆ ವ್ಯಾಯಾಮದಿಂದ ಪ್ರಯೋಜನವಿದೆಯೇ ಎಂದು ಕಾಕ್ರೇನ್ ಸಂಸ್ಥೆಯ 2021ರ ಅವಲೋಕನವು 249 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಏನೂ ಮಾಡದವರಿಗೆ ಅಥವಾ ಎಂದಿನ ಚಿಕಿತ್ಸೆಯಲ್ಲಿದ್ದವರಿಗೆ ಹೋಲಿಸಿದರೆ, ವ್ಯಾಯಾಮ ಮಾಡಿದವರ ನೋವು 100ರ ಅಳತೆಯಲ್ಲಿ ಸುಮಾರು 15 ಅಂಕ ಕಡಿಮೆಯಿತ್ತು. ಕಡೆಗಣಿಸುವಂಥ ಸಂಖ್ಯೆಯಲ್ಲ, ಹಿಗ್ಗುವಂಥದ್ದೂ ಅಲ್ಲ. ಅದೂ ಅಲ್ಲದೆ ಇಂಥ ಪ್ರಯೋಗಗಳಲ್ಲಿ ಪಾಲ್ಗೊಳ್ಳುವವರು ಬಹುತೇಕ ನಮ್ಮ ನಿಮ್ಮ ಮನೆಯ ಸಾಮಾನ್ಯರು, ಕ್ರೀಡಾಪಟುಗಳಲ್ಲ. ಕಚೇರಿಯ ಗುಮಾಸ್ತರಿಗೆ ಎಂಟು ಗಂಟೆ ನೋವಿಲ್ಲದೆ ಕೂರುವುದು ಗುರಿಯಾದರೆ, ನಿಮಗೆ ಎಂಬತ್ತು ಕಿಲೋ ತೂಕದ ರೈಡರ್ ಕಾಲು ಕೊಡವುವಾಗ ನೆಲಕ್ಕೆ ಬಗ್ಗಿದ ಭಂಗಿಯಲ್ಲೇ ಹಿಡಿತ ಬಿಡದಿರುವುದು ಗುರಿ. ಗುಮಾಸ್ತರಿಗೆ ಕೊಡುವ ಚೀಟಿಯಲ್ಲಿರುವ ನಾಲ್ಕು ವ್ಯಾಯಾಮಗಳನ್ನೇ ನಿಮಗೂ ಕೊಟ್ಟು ಅಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಚಿಕಿತ್ಸೆಯಷ್ಟೇ. ನಾನು ನೋಡುವ ಆಟಗಾರರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ನೀವು ಎಲ್ಲಿದ್ದೀರಿ ಎಂದು ಅಳೆಯಿರಿ. ಡೆನ್ಮಾರ್ಕಿನ ಸೊರೆನ್ಸನ್ ಎಂಬ ವೈದ್ಯರ ಹೆಸರಿನಲ್ಲಿ ಒಂದು ಸರಳ ಪರೀಕ್ಷೆ 1984ರಿಂದ ಬಳಕೆಯಲ್ಲಿದೆ. ಗಟ್ಟಿಯಾದ ಬೆಂಚಿನ ಮೇಲೆ ಬೋರಲು ಮಲಗಿ, ಸೊಂಟದಿಂದ ಮೇಲಿನ ಭಾಗವನ್ನು ಅಂಚಿನಿಂದ ಹೊರಗೆ ಚಾಚಿ, ಕಾಲುಗಳನ್ನು ಜೊತೆಗಾರರು ಬಿಗಿಯಾಗಿ ಒತ್ತಿ ಹಿಡಿದುಕೊಳ್ಳಬೇಕು. ಕೈಗಳನ್ನು ಎದೆಗೆ ಕಟ್ಟಿ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಎಷ್ಟು ಹೊತ್ತು ಹಿಡಿಯಬಲ್ಲಿರಿ ಎಂದು ಗಡಿಯಾರ ನೋಡಬೇಕು. 240 ಸೆಕೆಂಡಿಗೆ ಪರೀಕ್ಷೆ ಮುಗಿಯುತ್ತದೆ, ಅಲ್ಲಿಯವರೆಗೆ ಹೋಗುವವರು ವಿರಳ. ಈ ಸಂಖ್ಯೆ ಯಾಕೆ ಬೇಕು ಎಂದರೆ, ಸ್ವೀಡನ್ನಿನಲ್ಲಿ 70 ಮಂದಿ ಸೊಂಟನೋವಿನವರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಹಗುರ ವ್ಯಾಯಾಮ, ಇನ್ನೊಂದಕ್ಕೆ ಡೆಡ್‌ಲಿಫ್ಟ್, ಎಂದರೆ ನೆಲದ ಮೇಲಿನ ಭಾರವನ್ನು ಬಗ್ಗಿ ಹಿಡಿದು ನೆಟ್ಟಗೆ ನಿಲ್ಲುವ ವ್ಯಾಯಾಮ, ಮಾಡಿಸಿದರು. ಎರಡೂ ಗುಂಪಿನವರ ನೋವು ಇಳಿಯಿತು. ಭಾರ ಎತ್ತುವುದು ಬೆನ್ನಿಗೆ ವಿಷ ಎಂಬ ಮಾತಿಗೆ ಇದೊಂದು ಉತ್ತರ. ಆದರೆ ಆರಂಭದಲ್ಲೇ ತೀವ್ರ ನೋವಿದ್ದವರಿಗೆ, ಸೊರೆನ್ಸನ್ ಪರೀಕ್ಷೆಯಲ್ಲಿ ಒಂದು ನಿಮಿಷವೂ ನಿಲ್ಲದವರಿಗೆ ಡೆಡ್‌ಲಿಫ್ಟಿನಿಂದ ಅಷ್ಟು ಲಾಭವಾಗಲಿಲ್ಲ. ಹಾಗಾಗಿ ನಿಮ್ಮ ಹಿಡಿತ ಒಂದು ನಿಮಿಷದ ಒಳಗಿದ್ದರೆ ಮೊದಲ ಮೂರು ನಾಲ್ಕು ವಾರ ಹಗುರವಾದುದರಲ್ಲೇ ಕಳೆಯಿರಿ.

ಹಗುರವೆಂದರೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಜನಪ್ರಿಯಗೊಳಿಸಿದ ಮೂರು ವ್ಯಾಯಾಮಗಳು ಸಾಕು: ಅಂಗಾತ ಮಲಗಿ ಸೊಂಟದ ಕೆಳಗೆ ಕೈಯಿಟ್ಟುಕೊಂಡು ತಲೆ ಮತ್ತು ಭುಜವನ್ನು ತುಸುವೇ ಎತ್ತುವುದು, ಮಗ್ಗುಲಾಗಿ ಮೊಣಕೈ ಊರಿ ಮೈಯನ್ನು ನೇರವಾಗಿ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್, ಮತ್ತು ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚುವ ಬರ್ಡ್ ಡಾಗ್. ಒಂದೊಂದು ಹಿಡಿತ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ಹೊತ್ತು ಹೆಚ್ಚಿಸುವ ಬದಲು ಸಲ ಹೆಚ್ಚಿಸಿ. ಇದರೊಂದಿಗೆ ದಿನವೂ ಚುರುಕಾದ ನಡಿಗೆ ಇರಲಿ.

ಆಮೇಲೆ ಬಗ್ಗುವುದನ್ನು ಹೊಸದಾಗಿ ಕಲಿಯಬೇಕು. ಒಂದು ಉದ್ದ ಕೋಲನ್ನು ಬೆನ್ನಿಗೆ ನೇರವಾಗಿ ಹಿಡಿದುಕೊಳ್ಳಿ. ಅದು ತಲೆಯ ಹಿಂಭಾಗ, ಎರಡು ಹೆಗಲಿನ ನಡುವೆ ಮತ್ತು ಬಾಲಮೂಳೆಯ ಬಳಿ, ಹೀಗೆ ಮೂರು ಕಡೆ ಮುಟ್ಟಿರಬೇಕು. ಮಂಡಿ ಸ್ವಲ್ಪ ಸಡಿಲಿಸಿ ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ಬಗ್ಗಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟುಕೊಂಡಿತೋ, ತೊಡೆ ಕೂಡುವ ಹಿಪ್ ಕೀಲಿನಿಂದ ಬಗ್ಗಬೇಕಾದದ್ದನ್ನು ಸೊಂಟದ ಮಣಿಗಳಿಂದ ಬಗ್ಗಿದ್ದೀರಿ ಎಂದು ಗೊತ್ತಾಗುತ್ತದೆ. ಇದು ಕೈಗೂಡಿದ ಮೇಲೆ ಡೆಡ್‌ಲಿಫ್ಟ್ ಶುರು ಮಾಡಿ. ಮೊದಲಿಗೆ ಬಾರನ್ನು ನೆಲದ ಮೇಲಿಡದೆ ಮಂಡಿಯ ಎತ್ತರದ ಇಟ್ಟಿಗೆ ಅಥವಾ ಮಣೆಯ ಮೇಲಿಟ್ಟು ಎತ್ತಬೇಕು. ವಾರಕ್ಕೆ ಎರಡು ದಿನ, ಎಂಟೆಂಟರ ಮೂರು ಸೆಟ್, ಇನ್ನೂ ಎರಡು ಮೂರು ಸಲ ಎತ್ತಬಲ್ಲೆ ಎನ್ನಿಸುವಾಗಲೇ ನಿಲ್ಲಿಸುವಷ್ಟು ಭಾರ. ವಾರಕ್ಕೆ ಎರಡೂವರೆಯಿಂದ ಐದು ಕಿಲೋ ಏರಿಸಬಹುದು. ಮಣೆಯನ್ನು ನಿಧಾನವಾಗಿ ತಗ್ಗಿಸುತ್ತ ಬನ್ನಿ.

ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಬೆನ್ನು ನೇರವಿಟ್ಟು ಬಗ್ಗುವುದನ್ನು ಕಲಿತ ಮೇಲೆ ಇನ್ನೆಂದೂ ಬೆನ್ನು ಬಾಗಿಸಬಾರದು ಎಂದುಕೊಳ್ಳುತ್ತಾರೆ. ಮೂಲೆಯಲ್ಲಿ ನಿಂತ ಡಿಫೆಂಡರ್ ರೈಡರನ ಹಿಮ್ಮಡಿಗೆ ಹಾರುವಾಗ ಅವನ ಬೆನ್ನು ಬಾಗಿಯೇ ಬಾಗುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ಅಲ್ಲಿ ಕೋಲು ಹಿಡಿದು ನೋಡುವವರಿಲ್ಲ. ಎಂಟನೇ ವಾರದ ಹೊತ್ತಿಗೆ ಖಾಲಿ ಕೈಯಲ್ಲಿ, ಆಮೇಲೆ ಎರಡು ಮೂರು ಕಿಲೋ ಹಿಡಿದು, ಒಂದೊಂದೇ ಮಣಿಯನ್ನು ಬಾಗಿಸುತ್ತ ಇಳಿದು ಏಳುವುದನ್ನೂ, ಬಾಗಿದ ಭಂಗಿಯಲ್ಲಿ ಅತ್ತಿತ್ತ ತಿರುಗುವುದನ್ನೂ ಅಭ್ಯಾಸಕ್ಕೆ ಸೇರಿಸಿ. ಅದಾದ ಮೇಲೆ ಮ್ಯಾಟ್. ಮೊದಲು ಎದುರಾಳಿಯಿಲ್ಲದೆ ಮೂವತ್ತು ಸೆಕೆಂಡು ಡಿಫೆಂಡರ್ ಭಂಗಿಯಲ್ಲಿ ನಿಂತು ಸರಿಯುವುದು. ನಂತರ ಕಾಲು ಕೊಡವದೆ ನಿಲ್ಲುವ ಜೊತೆಗಾರನ ಮೇಲೆ ಹತ್ತು ಆಂಕಲ್ ಹೋಲ್ಡ್. ನಂತರ ಅವನು ಅರ್ಧ ಬಲ ಹಾಕಲಿ. ಕೊನೆಗೆ ನಿಜವಾದ ರೈಡ್. ಪ್ರತಿ ದಿನ ಎಷ್ಟು ಸಲ ಹಿಡಿದಿರಿ ಎಂದು ಎಣಿಸಿ ಬರೆದಿಡಿ. ಬೌಲರ್‌ಗಳ ಓವರ್ ಎಣಿಸುವ ನಾವು ಡಿಫೆಂಡರ್‌ಗಳ ಹಿಡಿತ ಎಣಿಸುವುದಿಲ್ಲ. ಯಾಕೆಂದು ನನಗೆ ತಿಳಿಯದು.

ನೋವು ಬಂದರೆ ಏನು ಮಾಡಬೇಕು? ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮೂರು ನಾಲ್ಕರವರೆಗಿನ ನೋವು ವ್ಯಾಯಾಮದ ವೇಳೆ ಬಂದರೆ ನಿಲ್ಲಿಸಬೇಕಾಗಿಲ್ಲ. ಆದರೆ ನಿಜವಾದ ತೀರ್ಪು ಬರುವುದು ಮಾರನೇ ದಿನ ಬೆಳಿಗ್ಗೆ. ಹಾಸಿಗೆಯಿಂದ ಎದ್ದು ಮುಖ ತೊಳೆಯಲು ಬಗ್ಗುವಾಗ ಸೊಂಟ ಎಂದಿನಂತಿದ್ದರೆ ನಿನ್ನೆಯ ಪ್ರಮಾಣ ಸರಿಯಿತ್ತು, ಮುಂದಿನ ಸಲ ಸ್ವಲ್ಪ ಏರಿಸಿ. ಎಂದಿಗಿಂತ ಹೆಚ್ಚು ಬಿಗಿದುಕೊಂಡಿದ್ದರೆ ಪ್ರಮಾಣ ಮೀರಿದೆ. ಹಿಂದಿನ ಮೆಟ್ಟಿಲಿಗೆ ಇಳಿಯಿರಿ, ಪೂರ್ತಿ ನಿಲ್ಲಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ನಿನ್ನೆ ಮಾಡಿದ್ದು, ಇಂದು ಬೆಳಗಿನ ಅಂಕ, ಈ ಎರಡನ್ನೇ ಬರೆಯುತ್ತ ಹೋದರೆ ಆರು ವಾರಗಳಲ್ಲಿ ನಿಮ್ಮ ಸೊಂಟದ ಬಗ್ಗೆ ಯಾವ ಸ್ಕ್ಯಾನೂ ಹೇಳದಷ್ಟು ನಿಮಗೇ ತಿಳಿದಿರುತ್ತದೆ. ಒಟ್ಟು ಮೂರರಿಂದ ನಾಲ್ಕು ತಿಂಗಳು ಹಿಡಿಯುತ್ತದೆ ಎಂದು ತರಬೇತುದಾರರಿಗೆ ಈಗಲೇ ಹೇಳಿಬಿಡಿ.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಬಲಗೈ ವೇಗದ ಬೌಲರ್. ಐದು ವಾರಗಳಿಂದ ಸೊಂಟದ ಎಡಬದಿಯಲ್ಲಿ ನೋವು ಎನ್ನುತ್ತಾನೆ. ಚೆಂಡು ಬಿಡುವ ಗಳಿಗೆಯಲ್ಲಿ ಹೆಚ್ಚು, ಮರುದಿನ ಕಡಿಮೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಶಾಲೆಯ ತಂಡ, ಕ್ಲಬ್, ಅಕಾಡೆಮಿ, ಮೂರೂ ಕಡೆ ಬೌಲ್ ಮಾಡುತ್ತಾನೆ. ಬೆನ್ನು ಗಟ್ಟಿಯಾಗಲಿ ಎಂದು ಕೋಚ್ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಯಾವ ವ್ಯಾಯಾಮ ಹೆಚ್ಚಿಸಬೇಕು?
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಯಾವುದನ್ನೂ ಅಲ್ಲ. ಇಂದಿನಿಂದ ಬೌಲಿಂಗ್ ನಿಲ್ಲಿಸಿ, ಕ್ರೀಡಾ ವೈದ್ಯರಿಗೆ ತೋರಿಸಿ, ಎಂಆರ್‌ಐ ಬಗ್ಗೆ ಕೇಳಿ. ಮೇಲಿನ ಉತ್ತರದಲ್ಲಿ ಸ್ಕ್ಯಾನಿಗೆ ಹೆದರಬೇಡಿ ಎಂದವನೇ ಇಲ್ಲಿ ಸ್ಕ್ಯಾನ್ ಮಾಡಿಸಿ ಎನ್ನುತ್ತಿದ್ದೇನೆ. ಇದರಲ್ಲಿ ವಿರೋಧವಿಲ್ಲ. ಹದಿಹರೆಯದ ವೇಗದ ಬೌಲರ್‌ಗೆ, ಬೌಲ್ ಮಾಡುವ ಕೈಗೆ ಎದುರು ಬದಿಯಲ್ಲಿ, ಬೆನ್ನು ಹಿಂದಕ್ಕೆ ಬಾಗಿ ಪಕ್ಕಕ್ಕೆ ವಾಲುವ ಗಳಿಗೆಯಲ್ಲಿ ಬರುವ ನೋವು ಎಂದರೆ, ಬೇರೆಯೆಂದು ರುಜುವಾಗುವವರೆಗೂ ಅದನ್ನು ಬೆನ್ನುಮೂಳೆಯ ಒತ್ತಡದ ಬಿರುಕು ಎಂದೇ ಭಾವಿಸಬೇಕು. ಮುಂಗಾಲು ನೆಲಕ್ಕೆ ಅಪ್ಪಳಿಸುವಾಗ ದೇಹದ ತೂಕದ ಹಲವು ಪಟ್ಟು ಬಲ ಮೇಲೇರುತ್ತದೆ. ಅದೇ ಕ್ಷಣದಲ್ಲಿ ಮೈ ವಾಲಿ ತಿರುಗುತ್ತದೆ. ಕೊನೆಯ ಒಂದೆರಡು ಮಣಿಗಳ ಹಿಂಭಾಗದ ಕಿರಿದಾದ ಮೂಳೆಸೇತುವೆಯ ಮೇಲೆ ಆ ಭಾರವೆಲ್ಲ ಬೀಳುತ್ತದೆ. ಈ ವಯಸ್ಸಿನಲ್ಲಿ ಆ ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಇಪ್ಪತ್ತು ದಾಟಿದ ಮೇಲೂ ಅದು ಬಲಿಯುತ್ತಲೇ ಇರುತ್ತದೆ. ಎಕ್ಸ್‌ರೇಯಲ್ಲಿ ಆರಂಭದ ಹಂತ ಕಾಣುವುದಿಲ್ಲ. ಎಂಆರ್‌ಐನಲ್ಲಿ ಬಿರುಕು ಬಿಡುವ ಮೊದಲೇ ಮೂಳೆಯ ಊತ ಕಾಣುತ್ತದೆ. ಆ ಹಂತದಲ್ಲಿ ಸಿಕ್ಕರೆ ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತದೆ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. ಜಸ್‌ಪ್ರೀತ್ ಬುಮ್ರಾ 2019ರಲ್ಲಿ ಇದೇ ತೊಂದರೆಯಿಂದ ಹೊರಗುಳಿದರು. 2022ರಲ್ಲಿ ಬೆನ್ನು ಮತ್ತೆ ಕಾಡಿ ಏಷ್ಯಾ ಕಪ್, ಟಿ20 ವಿಶ್ವಕಪ್ ಎರಡನ್ನೂ ತಪ್ಪಿಸಿಕೊಂಡರು. 2023ರ ಮಾರ್ಚಿನಲ್ಲಿ ನ್ಯೂಜಿಲೆಂಡಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಮುಗಿಸಿ ಆಗಸ್ಟಿನಲ್ಲಿ ಐರ್ಲೆಂಡ್ ವಿರುದ್ಧ ಮರಳಿದರು. ಅದೇ ಸರಣಿಯಲ್ಲಿ ಮರಳಿದ ನಮ್ಮ ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ಅವರಿಗೂ ಬೆನ್ನುಮೂಳೆಯ ಒತ್ತಡದ ಬಿರುಕಿಗೇ ಶಸ್ತ್ರಚಿಕಿತ್ಸೆಯಾಗಿತ್ತು. ಐವತ್ತು ವರ್ಷಗಳ ಹಿಂದೆ, 1973ರಲ್ಲಿ, ಆಸ್ಟ್ರೇಲಿಯಾದ ವೇಗದ ಬೌಲರ್ ಡೆನಿಸ್ ಲಿಲ್ಲಿಯವರ ಬೆನ್ನುಮೂಳೆ ಬಿರುಕು ಬಿಟ್ಟಾಗ ಅವರ ಕತೆ ಮುಗಿಯಿತು ಎಂದವರೇ ಹೆಚ್ಚು. 1974–75ರ ಆಷಸ್‌ನಲ್ಲಿ ಅವರು ಮತ್ತೆ ಇಂಗ್ಲೆಂಡಿನ ಎದೆ ನಡುಗಿಸಿದರು. ಹಾಗಾಗಿ ಮಗನ ಎದುರು ಹೆದರಿಸುವ ಮಾತು ಬೇಡ.

ಬಿರುಕು ಖಚಿತವಾದರೆ ಬೌಲಿಂಗಿಗೆ ತಿಂಗಳುಗಟ್ಟಲೆ ಬಿಡುವು ಬೇಕಾಗುತ್ತದೆ. ನೋವು ಆರು ವಾರದಲ್ಲೇ ಹೋಗಬಹುದು. ಮೂಳೆ ಅಷ್ಟು ಬೇಗ ಕೂಡುವುದಿಲ್ಲ, ಮತ್ತು ಈ ಅಂತರದಲ್ಲೇ ಹುಡುಗರು ಕೆಡುವುದು. ವ್ಯಾಯಾಮದ ಸರದಿ ಬರುವುದು ಆಮೇಲೆ: ಮೊದಲು ನಡಿಗೆ ಮತ್ತು ಬೆನ್ನು ಹಿಂದಕ್ಕೆ ಬಾಗಿಸದ ಹಗುರ ವ್ಯಾಯಾಮ, ನಂತರ ಕಾಲು, ಪೃಷ್ಠ, ಬೆನ್ನಿನ ಬಲ, ಓಟ, ಜಿಗಿತ, ಕೊನೆಗೆ ನಿಂತಲ್ಲಿಂದ ಬೌಲಿಂಗ್, ಚಿಕ್ಕ ರನ್-ಅಪ್, ಪೂರ್ಣ ರನ್-ಅಪ್. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಸಿವಿಸಿಯಾದದ್ದು ಮೂರು ಕಡೆ ಬೌಲ್ ಮಾಡುತ್ತಾನೆ ಎಂಬ ಸಾಲು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಕಿರಿಯ ವೇಗದ ಬೌಲರ್‌ಗಳಿಗೆ ವಯಸ್ಸಿಗೆ ತಕ್ಕಂತೆ ಓವರ್‌ಗಳ ಮಿತಿ ಹಾಕಿದೆ. ನಿಮ್ಮ ಮಗನ ಮೂವರು ಕೋಚ್‌ಗಳಿಗೂ ತಮ್ಮ ಕಡೆಯ ಓವರ್‌ಗಳಷ್ಟೇ ಗೊತ್ತು. ಮೂರನ್ನೂ ಕೂಡಿಸಿ ನೋಡಬಲ್ಲವರು ಮನೆಯಲ್ಲಿರುವ ನೀವೊಬ್ಬರೇ. ನೆಟ್ಸ್‌ನಲ್ಲಿ ಎಸೆದದ್ದೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಗರಡಿಯಲ್ಲಿ 22ರ ಹುಡುಗನೊಬ್ಬನಿಗೆ ವರ್ಷದಿಂದ ಸೊಂಟನೋವು. ಡಾಕ್ಟರು ಮೂಳೆ ನರ ಎಲ್ಲ ಸರಿಯಿದೆ, ವ್ಯಾಯಾಮ ಮಾಡಲಿ ಎಂದಿದ್ದಾರೆ. ಫಿಸಿಯೋಥೆರಪಿಯವರು ದಂಡ ಬಸ್ಕಿ ಬೇಡ ಎನ್ನುತ್ತಾರೆ. ದಸರೆ ಕುಸ್ತಿಗೆ ಇನ್ನೂ ಸಮಯವಿದೆ. ಸಾಮು ಪೂರ್ತಿ ಬಿಡಿಸಬೇಕೆ? ಸದ್ಯಕ್ಕೆ ಜೋಡಿಯಿಂದ ಬಿಡಿಸಿ, ಮಟ್ಟಿಯ (ಅಖಾಡದ ಮಣ್ಣು ಹದ ಮಾಡುವ) ಕೆಲಸವಷ್ಟೇ ಕೊಟ್ಟಿದ್ದೇನೆ.
— ಒಬ್ಬ ಉಸ್ತಾದ್, ಮೈಸೂರು

ಉತ್ತರ: ಉಸ್ತಾದರೇ, ಸಾಮು ಬಿಡಿಸಬೇಡಿ, ಮಟ್ಟಿಯ ಕೆಲಸ ಬಿಡಿಸಿ. ಹುಡುಗನಿಗೆ ವಿಶ್ರಾಂತಿ ಎಂದು ನೀವು ಕೊಟ್ಟ ಕೆಲಸವೇ ಇಡೀ ಗರಡಿಯಲ್ಲಿ ಸೊಂಟಕ್ಕೆ ಅತಿ ಭಾರವಾದದ್ದು. ಬೆಳಗಿನ ಜಾವ ಎದ್ದವನೇ ಗುದ್ದಲಿ ಹಿಡಿದು, ನಡು ಬಗ್ಗಿಸಿ, ಒದ್ದೆ ಮಣ್ಣನ್ನು ಅಗೆದು ಪಕ್ಕಕ್ಕೆ ತಿರುಗಿ ಎಳೆಯುವುದನ್ನು ನೆನಪಿಗೆ ತಂದುಕೊಳ್ಳಿ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿಕೊಳ್ಳುತ್ತವೆ. ನಾವು ಸಂಜೆಗಿಂತ ಬೆಳಿಗ್ಗೆ ಒಂದೆರಡು ಸೆಂಟಿಮೀಟರ್ ಎತ್ತರವಿರುವುದು ಅದರಿಂದಲೇ. ಹಾಗೆ ಉಬ್ಬಿರುವಾಗ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ದಿನದ ಬೇರೆ ಹೊತ್ತಿಗಿಂತ ಹೆಚ್ಚು. ಬೆಳಿಗ್ಗೆ ಎದ್ದ ಕೂಡಲೇ ಬಗ್ಗುವುದನ್ನು ತಡೆಹಿಡಿದಷ್ಟಕ್ಕೇ ದೀರ್ಘಕಾಲದ ಸೊಂಟನೋವು ಇಳಿದದ್ದನ್ನು 1998ರಲ್ಲೇ ಪ್ರಯೋಗವೊಂದು ತೋರಿಸಿತ್ತು. ಮಣ್ಣು ಹದ ಮಾಡುವುದನ್ನು ಕೆಲವು ತಿಂಗಳು ಬೇರೆಯವರು ನೋಡಿಕೊಳ್ಳಲಿ. ಇವನು ಎದ್ದು ಒಂದು ಗಂಟೆ ಓಡಾಡಿದ ಮೇಲೆ ಸಾಮಿಗೆ ಬರಲಿ.

ದಂಡ ಬಸ್ಕಿಯ ವಿಷಯದಲ್ಲಿ ನಾನು ನಿಮ್ಮ ಫಿಸಿಯೋಥೆರಪಿಸ್ಟರಷ್ಟು ಕಟ್ಟುನಿಟ್ಟಿನವನಲ್ಲ. ಬಸ್ಕಿಯಲ್ಲಿ ಕೆಡುಕಿಲ್ಲ, ತೊಡೆ, ಪೃಷ್ಠ, ಉಸಿರು ಮೂರಕ್ಕೂ ಒಳ್ಳೆಯದು. ಕೆಡುಕಿರುವುದು ಸಂಖ್ಯೆಯಲ್ಲಿ. ಐನೂರು ಬಸ್ಕಿಯಲ್ಲಿ ಮೊದಲ ನೂರು ತೊಡೆಯ ಮೇಲೆ ಬಿದ್ದರೆ, ತೊಡೆ ಸೋತ ಮೇಲಿನವು ಸೊಂಟದ ಮೇಲೆ ಬೀಳುತ್ತವೆ. ನಲವತ್ತು ನಲವತ್ತರ ಮೂರು ಸುತ್ತು ಹಾಕಿಸಿ, ನಡುವೆ ಎರಡು ನಿಮಿಷ ಬಿಡುವು ಕೊಡಿ. ದಂಡದಲ್ಲಿ ಎದೆಯೆತ್ತುವಾಗ ಹೊಟ್ಟೆ ಜೋತುಬಿದ್ದು ಸೊಂಟ ಒಳಕ್ಕೆ ಮುರಿಯುತ್ತಿದೆಯೇ ನೋಡಿ. ಮುರಿಯಲು ಶುರುವಾದಲ್ಲಿಗೇ ಎಣಿಕೆ ನಿಲ್ಲಲಿ. ಬೆನ್ನನ್ನು ಕಮಾನಿನಂತೆ ಹಿಂದಕ್ಕೆ ಬಾಗಿಸಿ ಸೇತುವೆ ಕಟ್ಟುವುದು, ಎದುರಾಳಿಯನ್ನು ಎತ್ತಿ ಹಿಂದಕ್ಕೆ ಎಸೆಯುವ ಪಟ್ಟುಗಳು ಕೊನೆಗೆ. ಜೋಡಿಯಿಂದ ಪೂರ್ತಿ ದೂರ ಇಡಬೇಡಿ: ಮೊದಲು ನಿಂತು ಕೈ ಹಿಡಿಯುವುದು, ಸರಿಯುವುದು, ಮೂರು ವಾರ ಕಳೆದ ಮೇಲೆ ತನಗಿಂತ ಹಗುರದವನೊಂದಿಗೆ ಎರಡೆರಡು ನಿಮಿಷದ ಜೋಡಿ. ಮಂಡ್ಯದವರಿಗೆ ಹೇಳಿದ ಮಾರನೇ ದಿನದ ಬೆಳಗಿನ ಲೆಕ್ಕ ಇವನಿಗೂ ಅನ್ವಯಿಸುತ್ತದೆ. ಗರಡಿಯಲ್ಲಿ ನೋವನ್ನು ಬಾಯಿಬಿಟ್ಟು ಹೇಳುವುದು ಅವಮಾನ ಎಂಬ ಭಾವನೆಯಿದೆ; ದಿನವೂ ಎಷ್ಟು ಅಂಕ ಎಂದು ನೀವೇ ಕೇಳಿದರೆ ಹುಡುಗ ನಿಜ ಹೇಳುತ್ತಾನೆ.

ಪ್ರಶ್ನೆ: ನಾನು 10,000 ಮೀಟರ್ ಓಟಗಾರ್ತಿ, ವಯಸ್ಸು 21. ಎಂಟು ತಿಂಗಳಿಂದ ಸೊಂಟನೋವಿದೆ. ಕೋರ್ (ಹೊಟ್ಟೆ, ಬೆನ್ನಿನ ಸ್ನಾಯುಗಳು) ಗಟ್ಟಿಯಿಲ್ಲ ಎಂದರು. ಈಗ ನಾಲ್ಕು ನಿಮಿಷ ಪ್ಲ್ಯಾಂಕ್ ಹಿಡಿಯುತ್ತೇನೆ. ಆದರೂ ನೋವು ಹಾಗೇ ಇದೆ. ಐದು ನಿಮಿಷಕ್ಕೆ ಏರಿಸಲೇ?
— ಹೆಸರು ಬೇಡ, ಧಾರವಾಡ

ಉತ್ತರ: ಬೇಡ. ನಾಲ್ಕು ನಿಮಿಷ ಹಿಡಿಯುವವರಿಗೆ ಹೊಟ್ಟೆಯ ಬಲ ಕಡಿಮೆಯಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ, ಸೊಂಟನೋವಿದ್ದವರು ಕೈಯೆತ್ತುವಾಗ ಹೊಟ್ಟೆಯ ಒಳಪದರದ ಸ್ನಾಯು ತುಸು ತಡವಾಗಿ ಬಿಗಿಯುತ್ತದೆ ಎಂದು ಕಂಡರು. ಸೂಕ್ಷ್ಮವಾದ ಆ ಸಂಗತಿ ಜಿಮ್‌ಗಳಿಗೆ ಬರುವ ಹೊತ್ತಿಗೆ ‘ಕೋರ್ ದುರ್ಬಲ, ಅದಕ್ಕೇ ನೋವು’ ಎಂಬ ಮಂತ್ರವಾಗಿತ್ತು. ಓಟದಲ್ಲಿ ಒಂದೊಂದು ಹೆಜ್ಜೆಗೂ ಇಡೀ ಮೈ ಒಂದೇ ಕಾಲಿನ ಮೇಲೆ ಇಳಿಯುತ್ತದೆ. ಒಂಟಿಕಾಲಿನ ಡೆಡ್‌ಲಿಫ್ಟ್, ಭಾರ ಹಿಡಿದು ಮೆಟ್ಟಿಲೇರುವುದು, ಮೀನಖಂಡಕ್ಕೆ ಭಾರದ ವ್ಯಾಯಾಮ, ಇವು ಪ್ಲ್ಯಾಂಕಿಗಿಂತ ನಿಮಗೆ ಹತ್ತಿರದವು. ವಾರದ ಕಿಲೋಮೀಟರ್‌ಗಳನ್ನು ನೋವು ತಾಳುವ ಮಟ್ಟಕ್ಕೆ ಇಳಿಸಿ, ಅಲ್ಲಿಂದ ಏರಿಸಿ. ಓಟ ಕಡಿಮೆಯಾದ ದಿನ ನಡೆಯಿರಿ. ಸೊಂಟನೋವು ಗುಣವಾದ 701 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ರಮವಾಗಿ ನಡೆದವರಿಗೆ ನೋವು ಮರುಕಳಿಸಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿದರೆ, ನಡೆಯದವರಿಗೆ 112 ದಿನಕ್ಕೇ ಮರಳಿತ್ತು.

ಆದರೆ ಅದಕ್ಕೂ ಮೊದಲು ನೀವು ಬರೆಯದ ಎರಡು ಸಂಗತಿಗಳನ್ನು ಕೇಳಬೇಕಾಗಿದೆ. ನೋವು ಒಂದೇ ಬದಿಗೆ, ಸೊಂಟಕ್ಕಿಂತ ಕೆಳಗೆ ಪೃಷ್ಠದ ಮೇಲ್ಭಾಗದಲ್ಲಿದೆಯೇ? ಮೂರು ತಿಂಗಳು ಅಥವಾ ಹೆಚ್ಚು ಕಾಲ ಮುಟ್ಟು ನಿಂತಿದೆಯೇ? ಓಡುವಷ್ಟಕ್ಕೆ ತಕ್ಕಂತೆ ಉಣ್ಣದ ಓಟಗಾರ್ತಿಯರಲ್ಲಿ ಮೊದಲು ಮುಟ್ಟು ಏರುಪೇರಾಗುತ್ತದೆ, ಆಮೇಲೆ ಮೂಳೆ ಸಡಿಲಾಗುತ್ತದೆ, ಸೊಂಟದ ಬುಡದ ತ್ರಿಕಾಸ್ಥಿಯಲ್ಲಿ ಸಣ್ಣ ಬಿರುಕು ಬಿಡುವುದೂ ಉಂಟು. ಅದನ್ನು ಮಾಮೂಲಿ ಸೊಂಟನೋವೆಂದು ತಿಂಗಳುಗಟ್ಟಲೆ ಎಳೆಯುತ್ತಾರೆ. ತೂಕ ಇಳಿದರೆ ವೇಗ ಬರುತ್ತದೆ ಎಂದು ಹಾಸ್ಟೆಲಿನಲ್ಲಿ ರಾತ್ರಿಯೂಟ ಬಿಡುವ ಹುಡುಗಿಯರನ್ನು ಕಂಡಿದ್ದೇನೆ. ಎರಡರಲ್ಲಿ ಒಂದಕ್ಕಾದರೂ ಉತ್ತರ ಹೌದು ಎಂದಾದರೆ ಓಟ ನಿಲ್ಲಿಸಿ, ವೈದ್ಯರಿಗೆ ಮುಟ್ಟಿನ ವಿಷಯವನ್ನೂ ಸೇರಿಸಿ ಹೇಳಿ. ಸಂಕೋಚ ಬೇಡ.

ಪ್ರಶ್ನೆ: ವಾಲಿಬಾಲ್ ಆಡುವಾಗ ಸೊಂಟಕ್ಕೆ ಬೆಲ್ಟ್ ಕಟ್ಟುತ್ತೇನೆ. ಸೊಂಟವನ್ನು ಎಳೆಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖವನ್ನೂ ಇಪ್ಪತ್ತು ದಿನ ತೆಗೆದುಕೊಂಡೆ. ಮುಂದುವರಿಸಲೇ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಮೂರನ್ನೂ ವಾಡಿಕೆಯಾಗಿ ಬಳಸುವುದು ಬೇಡ ಎಂದಿದೆ; ಬೇಕು ಎಂದವುಗಳಲ್ಲಿ ವ್ಯಾಯಾಮವಿದೆ. ಆ ಇಪ್ಪತ್ತು ದಿನಗಳ ಖರ್ಚನ್ನು ನಿಮ್ಮ ಜಿಗಿತ ಮತ್ತು ಇಳಿತವನ್ನು ನೋಡಿ ತಿದ್ದುವ ಒಬ್ಬ ಒಳ್ಳೆಯ ತರಬೇತುದಾರರಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು. ಬೆಲ್ಟನ್ನು ಒಮ್ಮೆಗೇ ಬಿಸಾಡಬೇಕಾಗಿಲ್ಲ, ಅಭ್ಯಾಸದಲ್ಲಿ ಮೊದಲು ಬಿಡಿ, ಆಮೇಲೆ ಪಂದ್ಯದಲ್ಲಿ.

ಪ್ರಶ್ನೆ: ರಾಜ್ಯ ಮಟ್ಟದ ವೇಟ್‌ಲಿಫ್ಟರ್ ನಾನು. ಮುಂದಿನ ತಿಂಗಳು ರಾಷ್ಟ್ರೀಯ ಕೂಟವಿದೆ. ಸೊಂಟಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಂಡು, ಟ್ರಮಡಾಲ್ ಎಂಬ ನೋವಿನ ಮಾತ್ರೆ ನುಂಗಿ ಎತ್ತಿಬಿಡುವ ಯೋಚನೆಯಿದೆ.
— ಹೆಸರು, ಊರು ಬೇಡ

ಉತ್ತರ: ಆ ಯೋಚನೆಯಲ್ಲಿ ಸೊಂಟಕ್ಕಿಂತ ಮೊದಲು ನಿಮ್ಮ ಹೆಸರು ಕೆಡುತ್ತದೆ. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಂತೆ ಸ್ಪರ್ಧೆಯ ಅವಧಿಯಲ್ಲಿ ಗ್ಲುಕೋಕಾರ್ಟಿಕಾಯ್ಡ್ ಸ್ಟಿರಾಯ್ಡ್‌ಗಳನ್ನು ಯಾವ ಭಾಗಕ್ಕೆ ಚುಚ್ಚಿಸಿಕೊಂಡರೂ 2022ರ ಜನವರಿಯಿಂದ ನಿಷಿದ್ಧ. ಟ್ರಮಡಾಲ್ 2024ರ ಜನವರಿಯಿಂದ ನಿಷಿದ್ಧ. ಸ್ಪರ್ಧೆಗೆ ಮೊದಲೇ ತೆಗೆದುಕೊಂಡ ಔಷಧದ ಅಂಶ ಆ ದಿನ ಮೂತ್ರದಲ್ಲಿ ಉಳಿದಿದ್ದರೂ ಸಿಕ್ಕಿಬೀಳುತ್ತೀರಿ. ವೈದ್ಯರಿಗೆ ಇಂಜೆಕ್ಷನ್ ನಿಜವಾಗಿಯೂ ಅಗತ್ಯ ಎನ್ನಿಸಿದರೆ ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದಿಂದ ಚಿಕಿತ್ಸಾ ವಿನಾಯಿತಿ ಪಡೆಯುವ ದಾರಿಯಿದೆ, ಚುಚ್ಚಿಸಿಕೊಳ್ಳುವ ಮೊದಲೇ ಅದನ್ನು ವಿಚಾರಿಸಿ. ಇನ್ನು ಒಂದು ತಿಂಗಳಲ್ಲಿ ಸೊಂಟವನ್ನು ಹೊಸದಾಗಿ ಕಟ್ಟಲು ಆಗುವುದಿಲ್ಲ. ನೆಲದಿಂದ ಎತ್ತುವ ಸೆಟ್‌ಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ, ಉಳಿದವನ್ನು ಬ್ಲಾಕ್ ಮೇಲಿನಿಂದ ಎತ್ತಿ, ವಾರಕ್ಕೊಮ್ಮೆ ಮಾತ್ರ ಭಾರದ ದಿನ ಇಟ್ಟುಕೊಳ್ಳಿ. ಕೂಟಕ್ಕೆ ಹತ್ತು ದಿನವಿರುವಾಗ ನಿಮ್ಮ ಗರಿಷ್ಠದ ಶೇ. 80 ಎತ್ತಿದ ಮಾರನೇ ಬೆಳಿಗ್ಗೆ ಸೊಂಟ ಏನು ಹೇಳುತ್ತದೆಯೋ ಅದರ ಮೇಲೆ ಹೋಗುವುದೋ ಬಿಡುವುದೋ ತೀರ್ಮಾನಿಸಿ.

ಪ್ರಶ್ನೆ: ವಯಸ್ಸು 24, ಹಾಕಿ ಆಡುತ್ತೇನೆ. ನನ್ನದು ವಿಚಿತ್ರ: ಆಡಿದರೆ ಸೊಂಟ ಸಡಿಲಾಗುತ್ತದೆ, ಆಡದ ದಿನ ನೋವು ಹೆಚ್ಚು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಎದ್ದ ಮೇಲೆ ಒಂದು ಗಂಟೆ ಬಿಗಿತ.
— ಹೆಸರು ಬೇಡ, ಮಡಿಕೇರಿ

ಉತ್ತರ: ವಿಚಿತ್ರವಲ್ಲ, ಬೇರೆ ಜಾತಿಯ ನೋವು. ನಲವತ್ತರ ಒಳಗೆ ಸದ್ದಿಲ್ಲದೆ ಶುರುವಾಗಿ, ವಿಶ್ರಾಂತಿಯಲ್ಲಿ ಹೆಚ್ಚಿ, ಚಲನೆಯಿಂದ ಇಳಿದು, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುವ ಸೊಂಟನೋವು ಉರಿಯೂತದ್ದಿರಬಹುದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಆ ಗುಂಪಿಗೆ ಸೇರಿದ್ದು. ಇದನ್ನು ಆಟದಲ್ಲಾದ ಪೆಟ್ಟು ಎಂದುಕೊಂಡು ವರ್ಷಗಟ್ಟಲೆ ಕಳೆದವರು ಬಹಳ. ಸಂಧಿವಾತ ತಜ್ಞರನ್ನು ನೋಡಿ. ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆ, ಸೊಂಟದ ಬುಡದ ಕೀಲುಗಳ ಎಂಆರ್‌ಐ ಮಾಡಿಸಲು ಹೇಳಬಹುದು. ಕಣ್ಣು ಕೆಂಪಾಗಿ ನೋಯುವುದು, ಹಿಮ್ಮಡಿ ನೋವು, ಚರ್ಮದಲ್ಲಿ ಸೋರಿಯಾಸಿಸ್, ಮನೆಯಲ್ಲಿ ಯಾರಿಗಾದರೂ ಇಂಥದೇ ನೋವು ಇದ್ದರೆ ಅದನ್ನೂ ಹೇಳಿ. ಹಾಕಿ ಬಿಡಬೇಡಿ, ಈ ಕಾಯಿಲೆಯಲ್ಲಿ ವ್ಯಾಯಾಮ ಔಷಧದ ಜೊತೆಗೇ ನಡೆಯಬೇಕಾದ ಚಿಕಿತ್ಸೆ. ತಜ್ಞರ ಬಳಿಗೆ ಹೋಗುವ ಮುಂಚೆ ಎರಡು ವಾರ, ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಯಿತು, ಬೆಳಿಗ್ಗೆ ಎಷ್ಟು ನಿಮಿಷ ಬಿಗಿತವಿತ್ತು, ಆ ದಿನ ಆಡಿದ್ದಿರೋ ಇಲ್ಲವೋ, ಇಷ್ಟನ್ನು ಬರೆದಿಟ್ಟು ಆ ಹಾಳೆಯನ್ನೇ ಅವರ ಮುಂದಿಡಿ.